ಅನ್ನ ಬಿಡಬೇಕಿಲ್ಲ, ಅದರ ಸರದಿ ಬದಲಾಗಬೇಕು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಂದ ಈಚೆಗೆ ಬಂದ ಪತ್ರಗಳಲ್ಲಿ ಅನ್ನ, ಮುದ್ದೆ, ರೊಟ್ಟಿಗಳ ಬಗೆಗಿನ ಗೊಂದಲವೇ ಹೆಚ್ಚು. ಆದ್ದರಿಂದ ಈ ಬಾರಿಯ ಅಂಕಣವನ್ನು ಶರ್ಕರಪಿಷ್ಟಕ್ಕೆ, ಅಂದರೆ ಕಾರ್ಬೋಹೈಡ್ರೇಟಿಗೆ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮೇಡಂ, ನನಗೆ 41 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆಯಾಯಿತು. 19 ಕೆ.ಜಿ. ಇಳಿದಿದ್ದೇನೆ. ಮನೆಯಲ್ಲಿ ಅತ್ತೆಯವರು ದಿನವೂ ಮುದ್ದೆ ಮಾಡುತ್ತಾರೆ. ಎರಡು ಸಲ ಉಂಡಾಗ ಎದೆಯ ನಡುವೆ ಸಿಕ್ಕಿಕೊಂಡಂತಾಗಿ ವಾಂತಿಯಾಯಿತು. ಆ ಭಯಕ್ಕೆ ಒಂದು ತಿಂಗಳಿಂದ ಮುದ್ದೆ, ಅನ್ನ, ಚಪಾತಿ ಎಲ್ಲವನ್ನೂ ಬಿಟ್ಟಿದ್ದೇನೆ. ಈಗ ವಿಪರೀತ ಸುಸ್ತು, ಮಲಬದ್ಧತೆ, ಕೂದಲೂ ಉದುರುತ್ತಿದೆ. ದಿನಕ್ಕೆ ಎಷ್ಟು ಪಿಷ್ಟ ಬೇಕು? ಮುದ್ದೆಯನ್ನು ಇನ್ನು ಮರೆತೇಬಿಡಬೇಕೇ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಮರೆಯಬೇಕಿಲ್ಲ. ಆದರೆ ಮುದ್ದೆ ಉಣ್ಣುವ ರೀತಿಯನ್ನು ಮಾತ್ರ ಬದಲಿಸಲೇಬೇಕು. ನಮ್ಮಲ್ಲಿ ಮುದ್ದೆಯನ್ನು ಅಗಿಯುವ ಪದ್ಧತಿಯೇ ಇಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿಬಿಡುತ್ತೇವೆ. ಚಿಕ್ಕಂದಿನಿಂದ ಹಿರಿಯರು ಕಲಿಸಿದ್ದೂ ಅದನ್ನೇ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನಂತೆ ಸಪೂರವಾದ ಕೊಳವೆಯಾಗಿ ಉಳಿಸಿರುತ್ತಾರೆ. ಅಗಿಯದೆ ನುಂಗಿದ ಅಂಟು ತುತ್ತು ಅಲ್ಲಿ ತಡೆದು ನಿಲ್ಲುವುದು ಸಹಜ. ಮೆತ್ತಗೆ ಬೆಂದ ಬಿಳಿ ಅನ್ನ ಮತ್ತು ಹೊಸ ಬ್ರೆಡ್ ಕೂಡ ಹಲವರಿಗೆ ಹೀಗೆಯೇ ತೊಂದರೆ ಕೊಡುತ್ತವೆ. ಸದ್ಯಕ್ಕೆ ಅದೇ ರಾಗಿ ಹಿಟ್ಟಿನಲ್ಲಿ ಸೊಪ್ಪು, ಈರುಳ್ಳಿ ಹಾಕಿ ತೆಳ್ಳಗೆ ತಟ್ಟಿದ ರೊಟ್ಟಿ ಮಾಡಿಸಿಕೊಂಡು, ಕಾಲು ಭಾಗವನ್ನು ಚೆನ್ನಾಗಿ ಅಗಿದು ತಿಂದು ನೋಡಿ. ಅದು ಒಗ್ಗಿದ ಮೇಲೆ ಮುದ್ದೆಗೆ ಬರಬಹುದು. ಆಗಲೂ ತುತ್ತು ಕಡಲೆಕಾಳಿನ ಗಾತ್ರದ್ದಾಗಿರಲಿ, ನುಂಗುವ ಮೊದಲು ಬಾಯಲ್ಲಿ ಪೂರ್ತಿ ಕರಗಲಿ.

ಇನ್ನು ಪ್ರಮಾಣದ ಮಾತು. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ ಆಸುಪಾಸಿನ ಶರ್ಕರಪಿಷ್ಟದಿಂದ ಆರಂಭಿಸಿ, ತಿನ್ನುವ ಶಕ್ತಿ ಹೆಚ್ಚಿದಂತೆ ಕ್ರಮೇಣ 100ರಿಂದ 130 ಗ್ರಾಂವರೆಗೆ ಏರಿಸುತ್ತೇವೆ. ನಿಮ್ಮ ಲೆಕ್ಕ ಇದರಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ನಿಮ್ಮ ಆಹಾರ ತಜ್ಞರು ಮಾತ್ರೆ, ತೂಕ, ರಕ್ತಪರೀಕ್ಷೆಗಳನ್ನು ನೋಡಿ ಹೇಳಬೇಕು. ಅಂದಾಜಿಗೆ ಹೇಳುವುದಾದರೆ ಒಂದು ಮಧ್ಯಮ ಇಡ್ಲಿಯಲ್ಲಿ 8ರಿಂದ 10 ಗ್ರಾಂ, 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 20 ಗ್ರಾಂ, ಒಂದು ಲೋಟ ಹಾಲಿನಲ್ಲಿ 10 ಗ್ರಾಂ ಪಿಷ್ಟ ಇಲ್ಲವೇ ಸಕ್ಕರೆ ಇರುತ್ತದೆ. ದೊಡ್ಡ ಮುದ್ದೆಯೊಂದಕ್ಕೆ 100 ಗ್ರಾಂ ಹಿಟ್ಟು ಹಿಡಿದರೆ ಅದೊಂದರಲ್ಲೇ 70 ಗ್ರಾಂ ಹತ್ತಿರ ಬಂದುಬಿಡುತ್ತದೆ, ಪ್ರೋಟೀನ್ ಮಾತ್ರ 7 ಗ್ರಾಂ. ರಾಗಿ ಒಳ್ಳೆಯ ಧಾನ್ಯವೇ, ಅದರ ಕ್ಯಾಲ್ಸಿಯಂ ಬೇರಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ನಿಮಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾಗಿದೆ, ಅದು ಮುದ್ದೆಯಿಂದ ಬರುವುದಿಲ್ಲ.

ಆದ್ದರಿಂದ ನಾನು ಒತ್ತಿ ಹೇಳುವುದು ಊಟದ ಸರದಿಯ ಬಗ್ಗೆ. ತಟ್ಟೆಗೆ ಮುದ್ದೆಯೋ ಅನ್ನವೋ ಮೊದಲು ಬಿದ್ದು, ಉಳಿದದ್ದೆಲ್ಲ ಅದಕ್ಕೆ ನಂಚಿಕೊಳ್ಳಲು ಎಂಬುದು ನಮ್ಮ ರೂಢಿ. ಈಗ ನಿಮ್ಮ ಹೊಟ್ಟೆ ಹಿಡಿಯುವುದೇ ಅರ್ಧ ಬಟ್ಟಲಿನಷ್ಟು. ಮೊದಲು ಮೊಟ್ಟೆ, ಮೀನು, ಕೋಳಿ, ಪನೀರ್ ಅಥವಾ ಗಟ್ಟಿಯಾಗಿ ಬೇಯಿಸಿದ ಬೇಳೆ-ಕಾಳು. ಅನಂತರ ಬೆಂದ ತರಕಾರಿ. ಜಾಗ ಉಳಿದರೆ ಕೊನೆಯಲ್ಲಿ ಎರಡು-ಮೂರು ಚಮಚ ಅನ್ನ ಅಥವಾ ರೊಟ್ಟಿಯ ತುಂಡು. ಹೀಗೆ ಉಂಡರೆ ರಕ್ತದ ಸಕ್ಕರೆಯೂ ಒಮ್ಮೆಲೇ ಏರುವುದಿಲ್ಲ. ಅತ್ತೆಯವರಿಗೂ ಇದನ್ನು ತಿಳಿಸಿ ಹೇಳಿ: ಅವರ ಬಸ್ಸಾರಿನ ಕಾಳು ನಿಮಗೀಗ ಮುದ್ದೆಗಿಂತ ಮುಖ್ಯ.

ಎಲ್ಲವನ್ನೂ ಬಿಟ್ಟಿರುವುದು ಸರಿಯಲ್ಲ. ಪಿಷ್ಟವೇ ಇಲ್ಲದಾಗ ಕಷ್ಟಪಟ್ಟು ತಿಂದ ಪ್ರೋಟೀನಿನ ಒಂದು ಪಾಲು ದೇಹದ ಇಂಧನಕ್ಕೇ ಖರ್ಚಾಗುತ್ತದೆ. ನಾರಿನಂಶ ಕಡಿಮೆಯಾಗಿ ಮಲಬದ್ಧತೆ ಬರುತ್ತದೆ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ತೂಕ ವೇಗವಾಗಿ ಇಳಿದವರಲ್ಲಿ ಸಾಮಾನ್ಯ. ಹಾಗಿದ್ದರೂ ಪ್ರೋಟೀನ್, ಕಬ್ಬಿಣ, ಸತುವಿನ ಕೊರತೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ: ವಾಂತಿ ದಿನಗಟ್ಟಲೆ ಮುಂದುವರಿದರೆ, ಸುಸ್ತೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಸುಮ್ಮನಾಗಬೇಡಿ. ನಿಮಗೆ ಆಗಿರುವ ಶಸ್ತ್ರಚಿಕಿತ್ಸೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಬರಿದಾಗಿರುವಾಗ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಅಪಾಯವಾಗಬಹುದು.

ಪ್ರಶ್ನೆ: ನನಗೆ 52 ವರ್ಷ. ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಒಂದೂವರೆ ವರ್ಷವಾಯಿತು. ಸಕ್ಕರೆ ಕಾಯಿಲೆಯ ಮಾತ್ರೆಗಳೆಲ್ಲ ನಿಂತಿವೆ. ಈಗ ಮೂರು ತಿಂಗಳಿಂದ, ಮುಂಜಾನೆ ಅವಲಕ್ಕಿ ತಿಂದು ಚಹಾ ಕುಡಿದ ಎರಡು ತಾಸಿಗೆ ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಮಂಜಾಗುತ್ತದೆ. ಸಕ್ಕರೆ ನೀರು ಕುಡಿದರೆ ಸರಿಹೋಗುತ್ತದೆ, ಆದರೆ ಮಧ್ಯಾಹ್ನದೊಳಗೆ ಮತ್ತೆ ಹಾಗೆಯೇ ಆಗುತ್ತದೆ. ಸಕ್ಕರೆ ಕಾಯಿಲೆ ಮರಳಿ ಬಂತೇ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಹೇಳುವ ಲಕ್ಷಣಗಳು ಸಕ್ಕರೆ ಹೆಚ್ಚಾದದ್ದಕ್ಕಿಂತ ಕುಸಿದದ್ದನ್ನು ಸೂಚಿಸುತ್ತವೆ. ಗ್ಯಾಸ್ಟ್ರಿಕ್ ಬೈಪಾಸಿನಲ್ಲಿ ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸಿರುತ್ತಾರೆ, ಆದ್ದರಿಂದ ಆಹಾರ ಅಲ್ಲಿಗೆ ಬಹಳ ಬೇಗ ತಲುಪುತ್ತದೆ. ಅವಲಕ್ಕಿಯಂತಹ ಮೃದು ಪಿಷ್ಟ ಮತ್ತು ಚಹಾದ ಸಕ್ಕರೆ ಒಟ್ಟಿಗೇ ಹೋದಾಗ ರಕ್ತದ ಗ್ಲೂಕೋಸ್ ಸರ್ರನೆ ಏರುತ್ತದೆ, ಕರುಳಿನ ಹಾರ್ಮೋನುಗಳ ಪ್ರಚೋದನೆಯಿಂದ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತದೆ, ಒಂದರಿಂದ ಮೂರು ತಾಸಿನೊಳಗೆ ಗ್ಲೂಕೋಸ್ ಕೆಳಗೆ ಕುಸಿಯುತ್ತದೆ. ಇದನ್ನು ತಡವಾದ ಡಂಪಿಂಗ್ ಎನ್ನುತ್ತಾರೆ. ಊಟವಾದ ಅರ್ಧ ತಾಸಿನೊಳಗೇ ಹೊಟ್ಟೆ ನುಲಿತ, ಭೇದಿ, ಎದೆಬಡಿತ ಬರುವುದು ಬೇಗನೆಯ ಡಂಪಿಂಗ್, ಅದು ಬೇರೆ. ತಡವಾದದ್ದು ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುವುದೇ ಹೆಚ್ಚು.

ಮುಂದಿನ ಸಲ ನಡುಕ ಬಂದಾಗ ಸಾಧ್ಯವಾದರೆ ಗ್ಲುಕೋಮೀಟರಿನಲ್ಲಿ ನೋಡಿ, ಸಮಯದೊಂದಿಗೆ ಬರೆದಿಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ, ಅಂದರೆ 15 ಗ್ರಾಂ, ತೆಗೆದುಕೊಳ್ಳುವುದು ಸರಿಯೇ. ನೀವು ಮಾಡುತ್ತಿರುವ ತಪ್ಪು ಅಲ್ಲಿಗೇ ನಿಲ್ಲಿಸುವುದು. ಬರೀ ಸಕ್ಕರೆ ಮತ್ತೊಂದು ಸುತ್ತಿನ ಏರಿಳಿತವನ್ನು ಕರೆತರುತ್ತದೆ. ನಡುಕ ನಿಂತ ಕೂಡಲೇ ಒಂದು ಹಿಡಿ ಹುರಿದ ಶೇಂಗಾ ಅಥವಾ ಬೇಯಿಸಿದ ಮೊಟ್ಟೆ ತಿನ್ನಿ. ಆ ಹೊತ್ತಿನಲ್ಲಿ ಗಾಡಿ ಓಡಿಸಲೇಬೇಡಿ.

ತಡೆಯುವ ದಾರಿ ನಿಮ್ಮ ಭಾಗದ ಅಡುಗೆಮನೆಯಲ್ಲೇ ಇದೆ. ಅವಲಕ್ಕಿಯ ಬದಲು ಅರ್ಧ ಜೋಳದ ರೊಟ್ಟಿ, ಜೊತೆಗೆ ಬಟ್ಟಲು ತುಂಬ ಝುಣಕ ಅಥವಾ ಮಡಕೆಕಾಳಿನ ಪಲ್ಯ, ಸ್ವಲ್ಪ ಗಟ್ಟಿ ಮೊಸರು. ಪಲ್ಯವೇ ಮೊದಲು ಹೊಟ್ಟೆ ಸೇರಲಿ. ಒಂದು ಹೊತ್ತಿಗೆ ಪಿಷ್ಟ 30 ಗ್ರಾಂ ಮೀರದಿರಲಿ, ಚಹಾ ಸಕ್ಕರೆಯಿಲ್ಲದೆ, ಊಟವಾದ ಅರ್ಧ ತಾಸಿನ ನಂತರ ಇರಲಿ. ಬೆಲ್ಲ, ಜೇನು, ಹಣ್ಣಿನ ರಸ ಈ ವಿಷಯದಲ್ಲಿ ಸಕ್ಕರೆಗಿಂತ ಭಿನ್ನವಲ್ಲ. ಇಷ್ಟು ಮಾಡಿಯೂ ಕಡಿಮೆಯಾಗದಿದ್ದರೆ, ಇಲ್ಲವೇ ಒಮ್ಮೆಯಾದರೂ ಎಚ್ಚರ ತಪ್ಪಿದರೆ, ಬರೆದಿಟ್ಟ ಅಂಕಿಗಳೊಂದಿಗೆ ತಡಮಾಡದೆ ವೈದ್ಯರನ್ನು ಕಾಣಿ. ಇದಕ್ಕೆ ಔಷಧಗಳೂ ಇವೆ.

ಪ್ರಶ್ನೆ: ಬೈಪಾಸ್ ಆಗಿ ಎರಡು ವರ್ಷದ ಮೇಲೆ ಗರ್ಭಿಣಿಯಾಗಿದ್ದೇನೆ, ಈಗ ಆರನೇ ತಿಂಗಳು. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಲು 75 ಗ್ರಾಂ ಗ್ಲೂಕೋಸ್ ನೀರು ಕುಡಿಯಬೇಕೆಂದು ಬರೆದುಕೊಟ್ಟಿದ್ದಾರೆ. ಕುಡಿಯಬಹುದೇ?
– ಓದುಗರು, ಬೆಂಗಳೂರು

ಉತ್ತರ: ಕುಡಿಯುವ ಮೊದಲು ನಿಮ್ಮ ಪ್ರಸೂತಿ ತಜ್ಞರಿಗೆ ಬೈಪಾಸ್ ಆಗಿರುವುದನ್ನು ತಪ್ಪದೆ ಹೇಳಿ. ಅಷ್ಟು ಸಕ್ಕರೆ ನೀರು ಒಮ್ಮೆಲೇ ಕರುಳಿಗೆ ಇಳಿದರೆ ತೀವ್ರ ಡಂಪಿಂಗ್ ಆಗಬಹುದು, ಫಲಿತಾಂಶವೂ ನಂಬುವಂತಿರುವುದಿಲ್ಲ. ಇದರ ಬದಲಿಗೆ 24ರಿಂದ 28ನೇ ವಾರದ ನಡುವೆ ಸುಮಾರು ಒಂದು ವಾರ ಮನೆಯಲ್ಲೇ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮತ್ತು ಊಟಗಳ ನಂತರ ಬೆರಳಿನ ರಕ್ತ ಪರೀಕ್ಷಿಸಿ ನೋಡುವ ಕ್ರಮವಿದೆ. ಹಾಗೆ ಮಾಡಬಹುದೇ ಎಂದು ನೀವಾಗಿಯೇ ಕೇಳಿ, ಸಂಕೋಚ ಬೇಡ. ಗರ್ಭಿಣಿಯಾಗಿರುವಾಗ ಪಿಷ್ಟವನ್ನು ಕಡಿತಗೊಳಿಸುವ ಯಾವ ಪಥ್ಯವನ್ನೂ ಸ್ವಂತ ನಿರ್ಧಾರದಿಂದ ಮಾಡಬೇಡಿ.

ಪ್ರಶ್ನೆ: ಸ್ಲೀವ್ ಆಗಿ ಎರಡೂವರೆ ವರ್ಷ. ಈಗಲೂ ಒಂದು ಚಪಾತಿಗಿಂತ ಹೆಚ್ಚು ತಿನ್ನಲಾಗುವುದಿಲ್ಲ, ಆದರೂ 6 ಕೆ.ಜಿ. ಮರಳಿ ಬಂದಿದೆ. ಸಂಜೆ ಅಂಗಡಿಯಲ್ಲಿ ಕುಳಿತಾಗ ಸ್ವಲ್ಪ ಮಂಡಕ್ಕಿ ತಿನ್ನುತ್ತೇನೆ, ಅಷ್ಟೇ.
– ಓದುಗರು, ದಾವಣಗೆರೆ

ಉತ್ತರ: ಮಂಡಕ್ಕಿಯ ಬಗ್ಗೆ ದಾವಣಗೆರೆಯವರಿಗೆ ಹೇಳುವುದು ಕಷ್ಟವೇ, ಆದರೆ ಕಾರಣ ಅಲ್ಲಿಯೇ ಇರಬಹುದು. ಒಂದು ಮಂಡಕ್ಕಿಯನ್ನು ನಾಲಿಗೆಯ ಮೇಲಿಟ್ಟು ನೋಡಿ: ಅಗಿಯುವ ಮೊದಲೇ ಎಂಜಲಿನಲ್ಲಿ ಕರಗಿಹೋಗುತ್ತದೆ. ಹೊಟ್ಟೆಯಲ್ಲೂ ಅಷ್ಟೇ. ಗಟ್ಟಿ ಪಲ್ಯ, ಮೊಟ್ಟೆ, ಮಾಂಸ ಕಿರಿದಾದ ಜಠರದಲ್ಲಿ ನಿಂತು ಸಾಕು ಎನ್ನಿಸುತ್ತವೆ. ಮಂಡಕ್ಕಿ, ಬಿಸ್ಕತ್ತು, ಚಿಪ್ಸ್, ಚಕ್ಕುಲಿ ನಿಲ್ಲದೆ ಜಾರಿಹೋಗುತ್ತವೆ. ಒಂದು ಚಪಾತಿಗೆ ಬೇಡ ಎನ್ನುವ ಹೊಟ್ಟೆ ಎರಡು ಗಂಟೆಗಳ ಕಾಲ ಮಂಡಕ್ಕಿಗೆ ಬೇಡ ಎನ್ನದಿರುವುದು ಇದರಿಂದಲೇ. ಮಂಡಕ್ಕಿಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಪಿಷ್ಟ. ಅದಕ್ಕೆ ಎಣ್ಣೆಯ ಒಗ್ಗರಣೆ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ ಸೇರಿದರೆ ಊಟದಷ್ಟೇ ಆಯಿತು.

ತೂಕ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಅತಿ ಕಡಿಮೆ ಮಟ್ಟ ಮುಟ್ಟಿ, ಆಮೇಲೆ ಸ್ವಲ್ಪ ಮೇಲೇರುವುದು ಅನೇಕರಲ್ಲಿ ಕಾಣುವ ಸಂಗತಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಈಗಲೇ ಗಮನ ಕೊಟ್ಟರೆ ತಡೆಯುವುದು ಸುಲಭ. ಸಂಜೆ ಐದಕ್ಕೆ ಒಂದು ಸಣ್ಣ ಬಟ್ಟಲು ಹುರಿಗಡಲೆ ಅಥವಾ ಬೇಯಿಸಿದ ಕಡಲೆಕಾಳಿನ ಉಸಲಿಯನ್ನು ಮನೆಯಿಂದ ಡಬ್ಬಿಯಲ್ಲಿ ಒಯ್ಯಿರಿ, ಅದನ್ನು ಗಿರಾಕಿಗಳಿಲ್ಲದ ಹೊತ್ತು ನೋಡಿ ಒಮ್ಮೆಗೇ ಕುಳಿತು ತಿಂದು ಮುಗಿಸಿ. ಎರಡು ವಾರ ಬಾಯಿಗೆ ಹೋದುದನ್ನೆಲ್ಲ, ಚಹಾದ ಸಕ್ಕರೆಯನ್ನೂ ಸೇರಿಸಿ, ಅಂಗಡಿಯ ಲೆಕ್ಕದ ಪುಸ್ತಕದಂತೆ ಹೊತ್ತುಹೊತ್ತಿಗೆ ಬರೆಯಿರಿ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಹೋಗಿ ಎಷ್ಟು ದಿನವಾಯಿತೆಂದು ನೀವು ಬರೆದಿಲ್ಲ. ಆ ಪುಸ್ತಕವನ್ನು ಹಿಡಿದುಕೊಂಡೇ ಹೋಗಿ, ಬಿ12, ಡಿ ಜೀವಸತ್ವ ಮತ್ತು ಕಬ್ಬಿಣದ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಕೊಂಡು ಬನ್ನಿ.