ಸ್ಪ್ರಿಂಗ್ ಯಾರದ್ದು, ಕೋವಿ ಯಾರದ್ದು?

ಕೊಡಗಿನ ಪೊನ್ನಂಪೇಟೆ ಕಡೆಯ ಓದುಗರೊಬ್ಬರು ಎರಡು ಹಾಳೆ ತುಂಬ ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು: ತಂದೆಯ ಕಾಲದ .315 ರೈಫಲ್ (ಅಂಕಿ ನಳಿಕೆಯ ಅಳತೆ, ಇಂಚಿನಲ್ಲಿ) ಮನೆಯಲ್ಲಿದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲು ಶುಚಿ ಮಾಡಲು ಬಿಚ್ಚಿದಾಗ ಗುಂಡು ತುಂಬುವ ಮ್ಯಾಗಝಿನ್ ಒಳಗಿನ ಸ್ಪ್ರಿಂಗ್ ಮುರಿದಿರುವುದು ಕಂಡಿತು. ಕೋವಿ ಅಂಗಡಿಗೆ ಒಯ್ದರೆ ಅಲ್ಲಿದ್ದವರು, "ಇದನ್ನೆಲ್ಲ ಯಾವ ಕಂಪನಿಯೂ ತಾನೇ ಮಾಡೋದಿಲ್ಲ ಸಾರ್, ಹೊರಗಿಂದ ತರಿಸಿ ಜೋಡಿಸೋದು ಅಷ್ಟೆ" ಅಂದರಂತೆ. ಓದುಗರಿಗೆ ಬೇಜಾರಾಗಿದೆ. "ಹಾಗಾದರೆ ನಾವು ಪೂಜೆಗೆ ಇಡುವುದು ಯಾರ ಕೋವಿ? ದೊಡ್ಡ ಹೆಸರಿಗೆ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ಅಲ್ವಾ?" ಎಂದು ಕೇಳಿದ್ದಾರೆ. ಕೊನೆಯಲ್ಲಿ, ಆ ಸ್ಪ್ರಿಂಗನ್ನು ಗೋಣಿಕೊಪ್ಪದ ಲೇತ್ ಅಂಗಡಿಯಲ್ಲಿ ಮಾಡಿಸಬಹುದಾ ಎಂಬ ಪ್ರಶ್ನೆಯೂ ಇದೆ.

ನಮಸ್ಕಾರ. ಅಂಗಡಿಯವರ ಮಾತು ಲೋಕದ ಬಹುತೇಕ ರೈಫಲ್‌ಗಳಿಗೆ ಸರಿ. ತಮಾಷೆ ಏನೆಂದರೆ, ನಿಮ್ಮ ರೈಫಲ್‌ಗೇ ಅದು ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಸೊಂಟದ ಪೀಚೆಕತ್ತಿಯನ್ನು ನೆನಪಿಸಿಕೊಳ್ಳಿ. ಅಲಗು ಬಡಿದವನು ಕೊಲ್ಲ. ಬೆಳ್ಳಿಯ ಕೆಲಸ ಅಕ್ಕಸಾಲಿಯದು. ಸರಪಳಿ ಇನ್ನೊಬ್ಬನದಿದ್ದರೂ ಆಶ್ಚರ್ಯವಿಲ್ಲ. ಆದರೂ ಅದನ್ನು ಯಾರೂ "ಹೊರಗಿಂದ ತಂದು ಜೋಡಿಸಿದ್ದು" ಎಂದು ಹಗುರ ಮಾಡಲಿಲ್ಲ. ಕೋವಿ ಕಸುಬು ಹುಟ್ಟಿದ್ದೂ ಹೀಗೇ. ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋವಿ ಕೆಲಸದವರದ್ದೇ ಒಂದು ಕೇರಿ ಇತ್ತು. ಒಂದು ಮನೆಯಲ್ಲಿ ನಳಿಕೆ, ಇನ್ನೊಂದರಲ್ಲಿ ಮರ, ಮತ್ತೊಂದರಲ್ಲಿ ಬರೀ ತಿರುಪು. ಗುಂಡು ಸಿಡಿಸುವ ಬೀಗದಂಥ ಭಾಗ ಪಕ್ಕದ ಊರುಗಳಿಂದ ಬರುತ್ತಿತ್ತು. ಅರ್ಧ ಆದ ಕೋವಿಯನ್ನು ಹುಡುಗರು ಹೆಗಲ ಮೇಲೆ ಹೊತ್ತು ಅಂಗಡಿಯಿಂದ ಅಂಗಡಿಗೆ ಓಡುತ್ತಿದ್ದರು. ಕೊನೆಗೆ ಹೆಸರು ಕೆತ್ತಿಸಿಕೊಂಡವನು ಅನೇಕ ಸಲ ಒಂದು ಭಾಗವನ್ನೂ ತಾನು ಮಾಡಿರುತ್ತಿರಲಿಲ್ಲ.

ಎಲ್ಲವನ್ನೂ ಒಂದೇ ಸೂರಿನಡಿ ಯಂತ್ರದಲ್ಲಿ ಮಾಡಬೇಕು, ಒಂದು ರೈಫಲ್‌ನ ಭಾಗ ಇನ್ನೊಂದಕ್ಕೆ ಕೂರಬೇಕು ಎಂದು ಅದೇ ಊರಿನ ಕೋವಿ ಕುಶಲಿಗಳು ಸೇರಿ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿ ಕಟ್ಟಿದ್ದು 1861ರಲ್ಲಿ. ಕೊಡಗಿನವರಿಗೆ ಆ ಇಸವಿ ಬೇರೆ ಕಾರಣಕ್ಕೆ ಗೊತ್ತು. ಆಯುಧ ಕಿತ್ತುಕೊಳ್ಳುವ ಕಾನೂನಿನಿಂದ ನಮಗೆ ವಿನಾಯಿತಿ ಸಿಕ್ಕಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಬರೆಯುವಾಗ ಕಣ್ಣಿಗೆ ಬಿತ್ತು ಅಂತ ಹೇಳಿದೆ.

ದೊಡ್ಡ ಹೆಸರಿನ ಮಾತು ಎತ್ತಿದ್ದೀರಿ. ಲಂಡನ್ನಿನ ರಿಗ್ಬಿಗಿಂತ ದೊಡ್ಡ ಹೆಸರು ಬೇಟೆ ರೈಫಲ್‌ಗಳಲ್ಲಿ ಹುಡುಕುವುದು ಕಷ್ಟ. ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು .275 ರಿಗ್ಬಿ. ಆ ರೈಫಲ್‌ನ ಆಕ್ಷನ್, ಅಂದರೆ ಗುಂಡನ್ನು ಒಳಗೆ ತಳ್ಳಿ ಹಿಂದೆ ಮುಚ್ಚುವ ಬೋಲ್ಟು ಮತ್ತು ಅದು ಓಡಾಡುವ ಉಕ್ಕಿನ ಮನೆ, ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯದು. 1911ರಲ್ಲಿ ಬಂದ .416 ರಿಗ್ಬಿಗೂ ಮೌಸರ್‌ನ ದೊಡ್ಡ ಆಕ್ಷನ್ನೇ. ರಿಗ್ಬಿಯವರು ಅದನ್ನು ಮುಚ್ಚಿಡಲಿಲ್ಲ. ಅವರೇ ಲಂಡನ್ನಿನಲ್ಲಿ ಮೌಸರ್‌ನ ಏಜೆಂಟರಾಗಿದ್ದರು! ಒಳ್ಳೆಯ ಆಕ್ಷನ್ ಸಿಗುತ್ತಿರುವಾಗ ತಾವೇ ಒಂದನ್ನು ಮಾಡಲು ಹೋಗಿ ಹತ್ತು ವರ್ಷ ಹಾಳು ಮಾಡಿಕೊಳ್ಳುವುದು ಜಾಣತನವಲ್ಲ ಎಂದು ಅವರಿಗೆ ಗೊತ್ತಿತ್ತು.

ಈಗಿನ ಕಾಲದಲ್ಲಿ ಇಡೀ ರೈಫಲ್ಲೇ ಇನ್ನೊಬ್ಬರ ಮನೆಯಿಂದ ಬರುವುದುಂಟು. ಅಮೆರಿಕದ ವೆದರ್‌ಬಿಯ ಮಾರ್ಕ್ ಫೈವ್ ರೈಫಲ್ ಕೆಲವು ಕಾಲ ಜರ್ಮನಿಯ ಸೌವರ್‌ನಲ್ಲಿ, ಆಮೇಲೆ ಜಪಾನಿನ ಹೋವಾದಲ್ಲಿ ತಯಾರಾಗಿ, ಕೊನೆಗೆ ಅಮೆರಿಕಕ್ಕೆ ಮರಳಿತು. ಅವರ ವ್ಯಾನ್‌ಗಾರ್ಡ್ ಎಂಬ ಅಗ್ಗದ ಮಾದರಿ ಹೋವಾದ್ದೇ. ಬ್ರೌನಿಂಗ್ ಕಂಪನಿಯ ಎಕ್ಸ್-ಬೋಲ್ಟ್ ಜಪಾನಿನ ಮಿರೋಕು ಕಾರ್ಖಾನೆಯದು. ಹೋವಾ ಶುರುವಾಗಿದ್ದು 1907ರಲ್ಲಿ, ಬಟ್ಟೆ ನೇಯುವ ಮಗ್ಗದ ಯಂತ್ರ ಮಾಡುವುದಕ್ಕೆ. ಇದನ್ನು ಕೇಳಿ ಮೂಗು ಮುರಿಯಬೇಡಿ. ಮಗ್ಗದ ಯಂತ್ರ ಮಾಡುವವನಿಗೆ ಕೂದಲೆಳೆಯ ಅಳತೆ ಗೊತ್ತಿರುತ್ತದೆ.

ಇನ್ನು ನಳಿಕೆ. ಗುಂಡು ನೆಟ್ಟಗೆ ಹೋಗುವುದು, ಹೋಗದಿರುವುದು ಮುಖ್ಯವಾಗಿ ಇದರ ಕೈಯಲ್ಲಿದೆ. ಉಕ್ಕಿನ ಸರಳಿಗೆ ಉದ್ದಕ್ಕೂ ತೂತು ಕೊರೆಯುವುದೇ ಒಂದು ಕಸುಬು. ಆಮೇಲೆ ಒಳಗೆ ಸುರುಳಿ ಗೆರೆ ಮೂಡಬೇಕು, ಗುಂಡಿಗೆ ತಿರುಗು ಕೊಡುವುದು ಅದೇ. ಹಳೆಯ ದಾರಿ ಎಂದರೆ ಸಣ್ಣ ಉಳಿಯೊಂದನ್ನು ಒಳಗೆ ಎಳೆದೆಳೆದು ಸ್ವಲ್ಪ ಸ್ವಲ್ಪವೇ ಕೆತ್ತುವುದು. ನಿಧಾನ, ಆದರೆ ನಿಖರ. ಅಮೆರಿಕದ ಕ್ರೀಗರ್, ಬಾರ್ಟ್‌ಲೈನ್‌ನಂಥವರು ಇವತ್ತೂ ಹೀಗೇ ಮಾಡುತ್ತಾರೆ. ಎರಡನೆಯದು, ಗಟ್ಟಿ ಕಾರ್ಬೈಡ್ ಗುಂಡಿಯೊಂದನ್ನು ಒತ್ತಡದಿಂದ ತೂರಿಸಿ ಗೆರೆಯನ್ನು ಅಚ್ಚೊತ್ತುವುದು. ಮೂರನೆಯದು ಸುತ್ತಿಗೆ ದಾರಿ. ಗೆರೆಯ ತಿರುವುಮುರುವು ಅಚ್ಚು ಇರುವ ಕಡ್ಡಿಯನ್ನು ತೂತಿನೊಳಗೆ ಇಟ್ಟು, ಸುತ್ತಲಿಂದ ಯಂತ್ರದ ಸುತ್ತಿಗೆಗಳು ದಬದಬ ಬಡಿದು ನಳಿಕೆಯನ್ನು ಅದರ ಮೇಲೆ ಕೂರಿಸುತ್ತವೆ. ಕೆಲವೇ ನಿಮಿಷದಲ್ಲಿ ಒಂದು ನಳಿಕೆ ತಯಾರು. ಆದರೆ ಆ ಯಂತ್ರದ ಬೆಲೆ ಕೇಳಿದರೆ ಒಂದು ಒಳ್ಳೆ ಕಾಫಿ ತೋಟವೇ ಕಣ್ಮುಂದೆ ಬರುತ್ತದೆ. ವರ್ಷಕ್ಕೆ ಸಾವಿರಾರು ನಳಿಕೆ ಹೊಡೆಯದಿದ್ದರೆ ಅಸಲೂ ಹುಟ್ಟುವುದಿಲ್ಲ.

ಹಾಗಾಗಿ ಲೆಕ್ಕ ಸರಳ. ಫಿನ್‌ಲ್ಯಾಂಡ್‌ನ ಸಾಕೋ ಕಂಪನಿ ರೀಹಿಮ್ಯಾಕಿಯ ಒಂದೇ ಕಾರ್ಖಾನೆಯಲ್ಲಿ ಸಾಕೋ, ಟಿಕ್ಕಾ ಎರಡೂ ಹೆಸರಿನ ರೈಫಲ್ ಮಾಡುತ್ತದೆ. ಸಂಖ್ಯೆ ದೊಡ್ಡದು, ನಳಿಕೆಯನ್ನು ತಾನೇ ಬಡಿಯುತ್ತದೆ. ಅಮೆರಿಕದ ರೂಗರ್ 1949ರಿಂದ ಇದ್ದರೂ ಬಹಳ ಕಾಲ ರೈಫಲ್ ನಳಿಕೆಯನ್ನು ಹೊರಗಿಂದಲೇ ಕೊಂಡಿತು. ತಾನೇ ಮಾಡಲು ಹೊರಟಿದ್ದು 1990ರ ದಶಕದಲ್ಲಿ. ಅದೇ ರೂಗರ್, ಉಕ್ಕು ಎರಕ ಹೊಯ್ಯುವ ಕೆಲಸವನ್ನು ಮಾತ್ರ 1960ರ ದಶಕದಿಂದಲೇ ತನ್ನ ಕೈಯಲ್ಲಿ ಇಟ್ಟುಕೊಂಡು, ಬೇರೆಯವರಿಗೂ ಮಾಡಿಕೊಟ್ಟಿದೆ. ಗಾಲ್ಫ್ ಕೋಲಿನ ತಲೆಯನ್ನೂ ಹೊಯ್ದಿದೆ! ವರ್ಷಕ್ಕೆ ಕೆಲವೇ ನೂರು ರೈಫಲ್ ಮಾಡುವ ಸಣ್ಣವರು ಜರ್ಮನಿಯ ಲೋಥರ್ ವಾಲ್ಥರ್, ಅಮೆರಿಕದ ಶೈಲನ್ ತರಹದ ನಳಿಕೆ ಕಸುಬಿನವರಿಂದ ಕೊಳ್ಳುತ್ತಾರೆ. ಆ ಸಣ್ಣವರ ರೈಫಲ್ ಎಷ್ಟೋ ಸಲ ದೊಡ್ಡವರದಕ್ಕಿಂತ ಚೆನ್ನಾಗಿ ಗುರಿ ಹಿಡಿಯುತ್ತದೆ.

ಮರದ ಹಿಡಿಯ ವಿಷಯ ನನಗೆ ಸ್ವಂತ ಅನುಭವದ್ದು. ನಮ್ಮ ಮಾವನ .22 ರೈಫಲ್‌ನ ಹಿಡಿ ಬಿರುಕು ಬಿಟ್ಟಿತ್ತು. ಒಬ್ಬರು ಹೊಸದು ಕೆತ್ತಿಕೊಟ್ಟರು, ನೋಡಲು ಬಲು ಚಂದ. ಮರ ಮಾತ್ರ ಸರಿಯಾಗಿ ಒಣಗಿರಲಿಲ್ಲ. ಕಕ್ಕಡ ತಿಂಗಳ ಮಳೆಗೆ ಅದು ಉಬ್ಬಿ, ಒಂದು ಬದಿಯಲ್ಲಿ ನಳಿಕೆಯನ್ನು ಒತ್ತತೊಡಗಿತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಕೈಲ್‌ಪೊಳ್ದ್ ಸ್ಪರ್ಧೆಯಲ್ಲಿ ಕಾಯಿ ಹಾಗೇ ಕೂತಿತ್ತು, ಮಾವ ಮೂರು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು: ಇಂಥ ರೈಫಲ್‌ನಲ್ಲಿ ನಳಿಕೆಗೂ ಮರಕ್ಕೂ ನಡುವೆ ಒಂದು ನೋಟು ಸರಾಗವಾಗಿ ಓಡಾಡುವಷ್ಟು ಸಂದು ಇರಬೇಕು. ಫೈಬರ್ ಹಿಡಿಗಳು ಬಂದದ್ದೇ ಈ ತಲೆನೋವಿಗೆ. ಅವನ್ನು ರೈಫಲ್ ಕಂಪನಿಗಳು ತಾವು ಮಾಡುವುದಕ್ಕಿಂತ ಮೆಕ್‌ಮಿಲನ್, ಎಚ್-ಎಸ್ ಪ್ರಿಸಿಶನ್‌ನಂಥ ಹಿಡಿ ಕಸುಬಿನವರಿಂದ ತರಿಸುವುದೇ ಹೆಚ್ಚು. ಕೊಡಗಿನ ಮಳೆ ಕಂಡವರು ಇದಕ್ಕೆ ಆಕ್ಷೇಪ ಎತ್ತಲಾರರು.

ಸಣ್ಣ ಭಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿರುಪು, ಪಿನ್ನು, ಸ್ಪ್ರಿಂಗ್ ಇವನ್ನು ಹೊರಗಿಂದ ಕೊಳ್ಳುವುದು ಸಾಮಾನ್ಯ. ಗುರಿ ನೋಡುವ ದುರ್ಬೀನನ್ನಂತೂ ರೈಫಲ್ ಮಾಡುವವರು ಮುಟ್ಟುವುದೇ ಅಪರೂಪ. ಒಂದು ವಿಷಯ ಮಾತ್ರ ನಮ್ಮ ಮನೆ ಬಾಗಿಲಿನದು. ಲೋಹದ ಪುಡಿಗೆ ಪ್ಲಾಸ್ಟಿಕ್ ಅಂಟು ಕಲಸಿ, ಅಚ್ಚಿಗೆ ಒತ್ತಿ, ಅಂಟನ್ನು ತೆಗೆದು, ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಭಾಗ ಪಡೆಯುವ ವಿಧಾನವಿದೆ, ಮಿಮ್ ಎನ್ನುತ್ತಾರೆ. ಕಾಯಿಸುವಾಗ ಭಾಗ ಅಚ್ಚಿನ ಅಳತೆಗಿಂತ ಸುಮಾರು ಆರನೇ ಒಂದು ಪಾಲು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಅಚ್ಚು ಮಾಡುವುದೇ ಅದರ ಗುಟ್ಟು. ಇದರಲ್ಲಿ ಲೋಕದ ದೊಡ್ಡ ಕಂಪನಿಗಳಲ್ಲೊಂದು ಬೆಂಗಳೂರಿನ ಇಂಡೋ-ಮಿಮ್. ಹೊಸಕೋಟೆ, ದೊಡ್ಡಬಳ್ಳಾಪುರದಲ್ಲಿ ಅದರ ಕಾರ್ಖಾನೆಗಳಿವೆ. ಕಾರು, ವೈದ್ಯಕೀಯ ಉಪಕರಣಗಳ ಜೊತೆಗೆ ಬಂದೂಕಿನ ಭಾಗಗಳನ್ನೂ ಅದು ಮಾಡುತ್ತದೆ. ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯದ್ದು. ಬೆಂಗಳೂರಿನ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಹೆಸರಾದದ್ದು ಸ್ಪ್ರಿಂಗ್ ತಯಾರಿಕೆಗೆ. ಅದರ ಅಂಗವಾದ ಎಸ್‌ಎಸ್‌ಎಸ್ ಡಿಫೆನ್ಸ್ ಈಗ ದೂರದ ಗುರಿಯ ಸ್ನೈಪರ್ ರೈಫಲ್ಲನ್ನೇ ಮಾಡುತ್ತಿದೆ. ಸ್ಪ್ರಿಂಗ್ ಮಾರುತ್ತಿದ್ದವರು ಕೋವಿಗೇ ಕೈ ಹಾಕಿದರು ನೋಡಿ.

ಈಗ ನಿಮ್ಮ ರೈಫಲ್‌ಗೆ ಬರೋಣ. ನಮ್ಮ ಕಡೆ ಹೆಚ್ಚಾಗಿ ಕಾಣುವ .315 ನಮ್ಮ ಸರ್ಕಾರಿ ಕಾರ್ಖಾನೆಯ ಕೂಸು. ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿ ಸೈನ್ಯಕ್ಕೆ ಲೀ-ಎನ್‌ಫೀಲ್ಡ್ .303 ಮಾಡುತ್ತಿತ್ತು. .303 ಸೈನ್ಯದ ಅಳತೆ, ಸಾಮಾನ್ಯರಿಗೆ ನಿಷಿದ್ಧ. ಅದಕ್ಕೇ ಅದೇ ಆಕ್ಷನ್‌ಗೆ ಬೇರೆ ಅಳತೆಯ ನಳಿಕೆ ಕೂರಿಸಿ ಜನರಿಗೆ ಕೊಟ್ಟದ್ದು .315. ಇಶಾಪುರದಲ್ಲಿ ಪಕ್ಕದಲ್ಲೇ ಸರ್ಕಾರದ ಉಕ್ಕಿನ ಕಾರ್ಖಾನೆಯೂ ಇದೆ. ತೋಟಾದ (ಕಾರ್ಟ್ರಿಜ್) ತಳ ತಿರುಗಿಸಿ ನೋಡಿ, ಕೆಎಫ್ ಎಂದಿದ್ದರೆ ಅದು ಪುಣೆ ಹತ್ತಿರದ ಖಡ್ಕಿಯದು. ಉಕ್ಕು, ರೈಫಲ್, ತೋಟಾ ಎಲ್ಲ ಒಂದೇ ಯಜಮಾನನ ಕೈಯಲ್ಲಿ! ಇಷ್ಟೊಂದು "ಮನೆಯದೇ" ಆದ ರೈಫಲ್ ರಿಗ್ಬಿಯವರ ಕೈಯಲ್ಲೂ ಆಗಲಿಲ್ಲ. ಹಾಗಂತ .315 ಅನ್ನು ರಿಗ್ಬಿಯ ಪಕ್ಕ ನಿಲ್ಲಿಸುತ್ತೀರಾ? ಗಟ್ಟಿಮುಟ್ಟು, ನಂಬಿಕಸ್ಥ, ಒಪ್ಪಿದೆ. ನಯ ನಾಜೂಕಿಗೆ ಅದು ಹೆಸರಾಗಲಿಲ್ಲ.

ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ತಾನೇ ಮಾಡಿದ್ದು ಎಂದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ರೆಮಿಂಗ್ಟನ್ ಕಂಪನಿ 2014ರಲ್ಲಿ ತನ್ನ ಮಾಡೆಲ್ 700 ರೈಫಲ್‌ಗಳನ್ನು ಟ್ರಿಗರ್ ದೋಷಕ್ಕಾಗಿ ವಾಪಸು ಕರೆಯಿತು. 2006ರಿಂದ ಆ ಟ್ರಿಗರ್ ಹಾಕಿ ಮಾಡಿದವೆಲ್ಲ ಆ ಪಟ್ಟಿಯಲ್ಲಿದ್ದವು. ಜೋಡಿಸುವಾಗ ಅಂಟು ಜಾಸ್ತಿ ಬಿದ್ದು, ಕೆಲವು ಬೆರಳು ಮುಟ್ಟದೆಯೂ ಸಿಡಿಯುವ ಅಪಾಯವಿತ್ತು. ಅದು ಬೇರೆ ಕಸುಬಿನವರಿಂದ ತಂದ ಟ್ರಿಗರ್ ಅಲ್ಲ, ರೆಮಿಂಗ್ಟನ್‌ನ ಸ್ವಂತ ಮಾದರಿ. ಅದೇ ಮಾಡೆಲ್ 700ಕ್ಕೆ ಜನ ಹೊರಗಿನ ಟಿಮ್ನಿ ಟ್ರಿಗರ್ ಕೊಂಡು ಹಾಕಿಸಿಕೊಳ್ಳುವುದು ಮಾಮೂಲು. ಹಾಗಾದರೆ ಹೆಸರಿಗೆ ಕೊಡುವ ದುಡ್ಡು ಯಾತಕ್ಕೆ? ಅಳತೆಗೆ. ಬಂದ ನೂರು ನಳಿಕೆಯಲ್ಲಿ ಎಷ್ಟನ್ನು ವಾಪಸು ಕಳಿಸಿದರು ಎಂಬುದಕ್ಕೆ. ಬೋಲ್ಟು ಮುಚ್ಚಿದಾಗ ತೋಟಾದ ಹಿಂದೆ ಉಳಿಯುವ ಸಂದು ಸರಿಯಿದೆಯೇ ಎಂದು ಒಂದೊಂದನ್ನೂ ನೋಡಿದರೇ ಎಂಬುದಕ್ಕೆ. ಆ ಸಂದು ಜಾಸ್ತಿಯಾದರೆ ತೋಟಾ ಒಡೆದು ಬಿಸಿ ಗಾಳಿ ಮುಖಕ್ಕೇ ಬಡಿಯಬಹುದು. ಈ ಜವಾಬ್ದಾರಿಯನ್ನು ಸ್ಪ್ರಿಂಗ್ ಕಳಿಸಿದವನು ಹೊರುವುದಿಲ್ಲ, ಹೆಸರು ಹೊಡೆದವನು ಹೊರಬೇಕು. ಕೆಲವರು ಇದನ್ನೂ ಮಾಡದೆ ಸುಮ್ನೆ ಹೆಸರು ಮಾರುತ್ತಾರೆ. ಅಂಥವರ ಮೇಲೆ ನಿಮ್ಮ ಸಿಟ್ಟು ನ್ಯಾಯವೇ.

ಬೋಲ್ಟಿನ ಮಾತು ಬಂತಲ್ಲ, ಒಂದು ಕೆಲಸ ಮಾಡಿ. ನಿಮ್ಮ ರೈಫಲ್‌ನ ಬೋಲ್ಟಿನ ಹಿಡಿಕೆಯ ಬುಡದಲ್ಲಿ ನಂಬರ್ ಇದ್ದರೆ ಅದು ಮೈಮೇಲಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ಅಣ್ಣತಮ್ಮಂದಿರ ಎರಡು .315 ಒಟ್ಟಿಗೆ ಬಿಚ್ಚಿ ಒರೆಸಿದಾಗ ಬೋಲ್ಟು ಅದಲು ಬದಲಾಗುವುದು ಸುಲಭ. ನೋಡಲು ಒಂದೇ ತರಹ, ಸಂದು ಒಂದೇ ಅಲ್ಲ. ತಾಳೆಯಾಗದಿದ್ದರೆ ಪರಿಣತರು ಅಳೆಯುವ ತನಕ ಗುಂಡು ಹೊಡೆಯಬೇಡಿ.

ಲೇತ್ ಅಂಗಡಿ ಬೇಡವೇ ಬೇಡ. ಮೊದಲನೆಯದಾಗಿ ನಿಮ್ಮ ಮ್ಯಾಗಝಿನ್‌ನ ಸ್ಪ್ರಿಂಗ್ ಹದ ಹಾಕಿದ ಉಕ್ಕಿನ ಮಡಚು ಪಟ್ಟಿ, ಲೇತ್‌ನಲ್ಲಿ ತಿರುಗಿಸುವ ವಸ್ತುವೇ ಅಲ್ಲ. ಎರಡನೆಯದು ಮುಖ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಭಾಗವೂ ಆಯುಧವೇ. ಅದನ್ನು ತಯಾರಿಸಲು, ರಿಪೇರಿಯ ವ್ಯಾಪಾರ ಮಾಡಲು ಪರವಾನಗಿ ಬೇಕು. ನಮಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ. ಪಾಪ, ಕಾಫಿ ಪಲ್ಪರ್ ಯಂತ್ರ ರಿಪೇರಿ ಮಾಡಿಕೊಂಡಿರುವ ಲೇತ್‌ನವನನ್ನು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿಸಬೇಡಿ. ಪರವಾನಗಿ ಇರುವ ಡೀಲರ್ ಮೂಲಕವೇ ಸ್ಪ್ರಿಂಗ್ ಅಥವಾ ಇಡೀ ಮ್ಯಾಗಝಿನ್ ತರಿಸಿ. ಮುರಿದದ್ದನ್ನು ಎಸೆಯದೆ ಅವರಿಗೆ ಕೊಡಿ, ಅಳತೆ ತಾಳೆ ನೋಡಲು ಬೇಕಾಗುತ್ತದೆ.

ಹಬ್ಬದೊಳಗೆ ಬಾರದಿದ್ದರೆ ಚಿಂತೆ ಬೇಡ. ಪೂಜೆಗೆ ಸ್ಪ್ರಿಂಗ್ ಯಾಕೆ? ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಲು ನಳಿಕೆಯ ಬಾಯಿ ಇದ್ದರೆ ಸಾಕು.

— ಸಂ.