ಕಾನೂನು ಪ್ರಶ್ನೋತ್ತರ: ಹಳೇ ವಾರಂಟ್ ಬಾಕಿ, ಪಾಸ್‌ಪೋರ್ಟ್ ಬೇಕು

ಪ್ರಶ್ನೆ: 2019ರ ಮಾರ್ಚ್‌ನಲ್ಲಿ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದೆ. ಡಿಎಲ್ ಇಟ್ಟುಕೊಂಡು, ಕೋರ್ಟಿಗೆ ಹೋಗಿ ದಂಡ ಕಟ್ಟಿ ಎಂದು ಚೀಟಿ ಕೊಟ್ಟರು. ಹೋಗಲಿಲ್ಲ. ಆಮೇಲೆ ರಾಜಾಜಿನಗರ ಬಿಟ್ಟು ಕೆಂಗೇರಿಗೆ ಬಂದೆವು. ಈಗ ಕೆಲಸದ ಮೇಲೆ ಹೊರದೇಶಕ್ಕೆ ಹೋಗಬೇಕು, ಪಾಸ್‌ಪೋರ್ಟ್ ಇಲ್ಲ. ಹಳೇ ಕೇಸಿನಲ್ಲಿ ವಾರಂಟ್ ಆಗಿದೆಯಂತೆ. ಇಷ್ಟು ವರ್ಷವಾದ ಮೇಲೂ ಅದು ನಡೆಯುತ್ತದೆಯೇ? ಅರ್ಜಿಯಲ್ಲಿ ‘ಕೇಸಿಲ್ಲ’ ಎಂದು ಬರೆದು ತತ್ಕಾಲ್‌ನಲ್ಲಿ ಮಾಡಿಸಿಕೊಂಡರೆ?
— ಓದುಗರು, ಕೆಂಗೇರಿ

ಉತ್ತರ: ನಡೆಯುತ್ತದೆ. ಹೊರಡಿಸಿದ ಕೋರ್ಟು ರದ್ದು ಮಾಡಬೇಕು, ಇಲ್ಲವೇ ಪೊಲೀಸರು ಜಾರಿ ಮಾಡಬೇಕು. ಅಲ್ಲಿಯವರೆಗೂ ವಾರಂಟಿಗೆ ವಯಸ್ಸಾಗುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 70(2)ರಲ್ಲಿ ಹೀಗಿತ್ತು, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 72(2)ರಲ್ಲೂ ಹಾಗೇ ಇದೆ.

ತತ್ಕಾಲ್ ಯೋಚನೆ ಬಿಡಿ. ಅಲ್ಲಿ ಪೊಲೀಸ್ ಪರಿಶೀಲನೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ನಡೆಯುತ್ತದೆ, ಆದರೆ ನಡೆದೇ ನಡೆಯುತ್ತದೆ. ಪಾಸ್‌ಪೋರ್ಟ್ ಕಾಯ್ದೆಯ ಕಲಂ 6(2)(ಎಫ್) ಕೋರ್ಟಿನಲ್ಲಿ ಬಾಕಿಯಿರುವ ಕ್ರಿಮಿನಲ್ ಕೇಸಿನ ಬಗ್ಗೆ, 6(2)(ಜಿ) ಸಮನ್ಸ್ ಮತ್ತು ವಾರಂಟ್ ಬಗ್ಗೆ. ನಿಮಗೆ ಎರಡೂ ಅಡ್ಡ ಬರುತ್ತವೆ. ಮುಚ್ಚಿಟ್ಟು ಪಡೆದ ಪಾಸ್‌ಪೋರ್ಟನ್ನು ಕಲಂ 10ರಡಿ ವಶಕ್ಕೆ ತೆಗೆದುಕೊಳ್ಳಬಹುದು. ಸುಳ್ಳು ಮಾಹಿತಿಗೆ ಕಲಂ 12ರಡಿ 2 ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುಡಿದು ಓಡಿಸಿದ ಕೇಸಿಗಿಂತ ಇದೇ ದೊಡ್ಡದಾಗಿ ಕೂರುತ್ತದೆ. ಹಾಗಾಗಿ ಮೊದಲು ಕೋರ್ಟು, ಆಮೇಲೆ ಪಾಸ್‌ಪೋರ್ಟ್.

ಮೊದಲು ಕೇಸ್ ನಂಬರ್ ಹುಡುಕಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಾರ್ಟಿ ಹೆಸರು ಮತ್ತು ವರ್ಷ ಹಾಕಿ. ಇಂಥ ಕೇಸಿಗೆ ಸಾಮಾನ್ಯವಾಗಿ ಎಫ್‌ಐಆರ್ ನಂಬರ್ ಇರುವುದಿಲ್ಲ, ಅದರಿಂದ ಹುಡುಕಿದರೆ ಸಿಗದು. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬದಲಾಯಿಸಿ ನೋಡಿ. ‘ಮಂಜುನಾಥ್’ ಆದರೆ ಕೊನೆಗೆ ಒಂದು ‘ಎ’ ಸೇರಿಸಿಯೂ ಸೇರಿಸದೆಯೂ. ಸಿಕ್ಕಿದಾಗ 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ), ಯಾವ ಕೋರ್ಟ್, ಮುಂದಿನ ತಾರೀಖು, ಹಂತದ ಜಾಗದಲ್ಲಿ ‘ಎನ್‌ಬಿಡಬ್ಲ್ಯು’, ಅಂದರೆ ಜಾಮೀನುರಹಿತ ವಾರಂಟ್, ಇದೆಯೇ ಎಂಬುದನ್ನು ಬರೆದುಕೊಳ್ಳಿ. ಆರೋಪಿ ಬಹುಕಾಲ ಸಿಗದಿದ್ದರೆ ಕಡತವನ್ನು ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿ ಇರುವ ಕೇಸುಗಳ ಪಟ್ಟಿಗೆ ಹಾಕಿಬಿಟ್ಟಿರುತ್ತಾರೆ. ಆಗ ಕೇಸಿನ ನಂಬರೇ ಬೇರೆ, ಕಡತ ರೆಕಾರ್ಡ್ ರೂಮಿನಿಂದ ಬರಬೇಕು, ದಿನ ಹಿಡಿಯುತ್ತದೆ. ಕೋರ್ಟ್ ಮೇಯೋ ಹಾಲಿನಲ್ಲೋ ನೃಪತುಂಗ ರಸ್ತೆಯಲ್ಲೋ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ತಪ್ಪು ಕಟ್ಟಡಕ್ಕೆ ಹೋದರೆ ಬೆಳಗಿನ ಕಲಾಪ ತಪ್ಪುತ್ತದೆ.

ವಕೀಲರಿಗೆ ವಕಾಲತ್ತು ಕೊಟ್ಟು ಎರಡು ಅರ್ಜಿ ಹಾಕಿಸಿ. ಮುಂದಿನ ತಾರೀಖು ದೂರವಿದ್ದರೆ ಕಡತ ಮುಂಚೆಯೇ ಕರೆಸಲು ಅಡ್ವಾನ್ಸ್‌ಮೆಂಟ್ ಅರ್ಜಿ. ವಾರಂಟ್ ರದ್ದತಿಗೆ ರೀಕಾಲ್ ಅರ್ಜಿ. ರೀಕಾಲ್ ದಿನ ನೀವೇ ಖುದ್ದು ನಿಂತಿರಬೇಕು. ವಕೀಲರನ್ನು ಮಾತ್ರ ಕಳಿಸಿದರೆ ಬಹಳ ಸಲ ಅರ್ಜಿ ಬಿದ್ದುಹೋಗುತ್ತದೆ. ಕಾರಣ ನಿಜವಾದದ್ದೇ ಇರಲಿ: ಮನೆ ಬದಲಾಯಿತು, ಸಮನ್ಸ್ ಹಳೇ ವಿಳಾಸಕ್ಕೆ ಹೋಯಿತು. ಹಳೇ ಬಾಡಿಗೆ ಕರಾರು, ಹೊಸ ವಿಳಾಸದ ಆಧಾರ್ ಜೊತೆಗಿಡಿ. ‘ಹುಷಾರಿರಲಿಲ್ಲ’ ಎಂದು ಆರು ವರ್ಷದ ಗೈರಿಗೆ ಒಂದು ವಾರದ ಮೆಡಿಕಲ್ ಸರ್ಟಿಫಿಕೇಟ್ ಹಾಕುವವರಿದ್ದಾರೆ, ನಂಬುವವರಿಲ್ಲ.

ಒಪ್ಪಿದರೆ ನ್ಯಾಯಾಧೀಶರು ಖರ್ಚು ಅಥವಾ ದಂಡ ಹಾಕಿ ವಾರಂಟ್ ರದ್ದು ಮಾಡುತ್ತಾರೆ. ಶ್ಯೂರಿಟಿ ಕೇಳಬಹುದು, ಅದಕ್ಕೆ ಜಾಮೀನುದಾರರ ಪಹಣಿ ಅಥವಾ ಮನೆ ಕಂದಾಯದ ರಸೀತಿ, ಆಧಾರ್, ಫೋಟೋ ಸಿದ್ಧವಿರಲಿ. ಜಾಮೀನುದಾರರು ಸಿಗದಿದ್ದರೆ ನಗದು ಠೇವಣಿಗೆ ಅವಕಾಶ ಕೊಡಿ ಎಂದು ಕೇಳಬಹುದು. ಕಸ್ಟಡಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ ನಿಜ. ಆದರೂ ತಾವಾಗಿ ಬಂದವರನ್ನು ನೋಡುವ ರೀತಿಯೇ ಬೇರೆ, ಪೊಲೀಸರು ಎಳೆತಂದವರನ್ನು ನೋಡುವ ರೀತಿಯೇ ಬೇರೆ. ಶುಕ್ರವಾರ ಸಂಜೆ ಮನೆ ಬಾಗಿಲಲ್ಲಿ ಸಿಕ್ಕಿಬಿದ್ದು, ಮರುದಿನ ಎರಡನೇ ಶನಿವಾರವಾದರೆ ವಕೀಲರನ್ನು ಹಿಡಿಯುವುದೇ ಕಷ್ಟ.

ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ವಾರಂಟೂ ಕೇಸೂ ಒಟ್ಟಿಗೆ ಮುಗಿಯುತ್ತವೆ. ನಿಮ್ಮದು 2019ರ ಸೆಪ್ಟೆಂಬರ್ 1ಕ್ಕಿಂತ ಹಿಂದಿನದು. ಮೋಟಾರು ವಾಹನ ಕಾಯ್ದೆಯ ಕಲಂ 185ರಲ್ಲಿ ಆಗ ಮೊದಲ ತಪ್ಪಿಗೆ ದಂಡ 2,000 ರೂಪಾಯಿವರೆಗೆ ಮಾತ್ರ, 10,000 ಆದದ್ದು ತಿದ್ದುಪಡಿ ಬಂದ ಮೇಲೆ. ತಪ್ಪು ನಡೆದ ದಿನದ ಕಾನೂನೇ ಅನ್ವಯ, ವಕೀಲರಿಗೆ ಇದನ್ನು ನೆನಪಿಸಿ. 6 ತಿಂಗಳವರೆಗೆ ಸೆರೆಯ ಅವಕಾಶ ಆಗಲೂ ಇತ್ತು, ಈಗಲೂ ಇದೆ. ಬರೀ ದಂಡ ಆದರೆ ಪಾಸ್‌ಪೋರ್ಟಿಗೆ ಅಡ್ಡಿಯಿಲ್ಲ: ನೈತಿಕ ಅಧಃಪತನದ ಅಪರಾಧದಲ್ಲಿ ಕಳೆದ 5 ವರ್ಷದೊಳಗೆ 2 ವರ್ಷ ಅಥವಾ ಹೆಚ್ಚಿನ ಸೆರೆಯಾಗಿದ್ದರೆ ಮಾತ್ರ ಶಿಕ್ಷೆಯ ಕಲಂ ತಗಲುವುದು.

ಜನ ಎಡವುವುದು ಇದರ ನಂತರ. ಕೋರ್ಟಿನಲ್ಲಿ ರದ್ದಾದ ವಾರಂಟ್ ಠಾಣೆಯ ರಿಜಿಸ್ಟರಿನಲ್ಲಿ ಬಾಕಿಯಾಗಿಯೇ ಉಳಿದಿರುತ್ತದೆ. ಆದೇಶದ ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕಿ. ಒಂದು ಪ್ರತಿಯನ್ನು ಠಾಣೆಯಲ್ಲಿ ವಾರಂಟ್ ನೋಡಿಕೊಳ್ಳುವ ಸಿಬ್ಬಂದಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಸಹಿ ಪಡೆಯಿರಿ. ದಂಡದ ರಸೀತಿಯೊಂದಿಗೆ ಇದನ್ನು ಪಾಸ್‌ಪೋರ್ಟ್ ಪರಿಶೀಲನೆಗೆ ತೋರಿಸಿ. ಆದರೂ ಪ್ರತಿಕೂಲ ವರದಿ ಹೋದರೆ ಇದೇ ಕಾಗದಗಳೊಂದಿಗೆ ಕೋರಮಂಗಲದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ವಿವರಣೆ ಕೊಡಬೇಕು.

ತಪ್ಪೊಪ್ಪಿಕೊಳ್ಳದೆ ಕೇಸು ನಡೆಸುವುದಾದರೆ ವಾರಂಟ್ ರದ್ದಾದ ಮೇಲೆ ಹೊರದೇಶಕ್ಕೆ ಹೋಗಲು ಅದೇ ಕೋರ್ಟಿನ ಅನುಮತಿ ಕೇಳಿ. 1993ರ ಆಗಸ್ಟ್ 25ರ ಕೇಂದ್ರ ಅಧಿಸೂಚನೆಯ ಪ್ರಕಾರ ಆ ಆದೇಶದ ಮೇಲೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿ ಹೇಳದಿದ್ದರೆ ಒಂದೇ ವರ್ಷದ್ದು. ಅರ್ಜಿಯಲ್ಲೇ ‘ಇಷ್ಟು ವರ್ಷಕ್ಕೆ’ ಎಂದು ಕೇಳಿಸಿ.

ಪ್ರಶ್ನೆ: ಪರ್ಸ್ ಕಳೆದು ಆಧಾರ್, ಡಿಎಲ್ ಎರಡೂ ಹೋದವು. ಚೆಕ್ ಬೌನ್ಸ್ ಕೇಸಿನ ವಾರಂಟ್ ಇರುವುದರಿಂದ ದೂರು ಕೊಡಲು ಠಾಣೆಗೆ ಹೋಗಲು ಭಯ.
— ಓದುಗರು, ಯಲಹಂಕ

ಉತ್ತರ: ಕಳೆದ ದಾಖಲೆಗೆ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ವರದಿ ಪಡೆಯಬಹುದು. ಆಧಾರ್‌ಗೆ ಕೋರ್ಟು ಕೇಸಿನ ಸಂಬಂಧವಿಲ್ಲ. ನೋಂದಾಯಿತ ಮೊಬೈಲಿಗೆ ಬರುವ ಓಟಿಪಿಯಿಂದ ಇ-ಆಧಾರ್ ಇಳಿಸಿಕೊಳ್ಳಿ, ಕಾರ್ಡಿನಷ್ಟೇ ಮಾನ್ಯ. ಡಿಜಿಲಾಕರ್‌ನ ಡಿಎಲ್ ಕೂಡ ಹಾಗೆಯೇ. ಒಂದು ಎಚ್ಚರಿಕೆ: ಪೊಲೀಸರು ವಶಪಡಿಸಿಕೊಂಡ ಡಿಎಲ್ಅನ್ನು ‘ಕಳೆದಿದೆ’ ಎಂದು ಬರೆದು ಡ್ಯೂಪ್ಲಿಕೇಟ್ ಕೇಳಬೇಡಿ, ಅದು ಸುಳ್ಳು ಹೇಳಿಕೆ. ವಾರಂಟ್‌ಗೆ ಮೇಲಿನ ದಾರಿಯೇ. ವಕೀಲರ ಖರ್ಚು ಕಷ್ಟವೆಂದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ.

ಪ್ರಶ್ನೆ: ನಮ್ಮ ಮಗನ ಹೆಸರಿನವರದೇ ವಾರಂಟ್ ಹಿಡಿದು ಪೊಲೀಸರು ಮನೆಗೆ ಬಂದರು. ಕೇಸು ನಮ್ಮದಲ್ಲ.
— ಓದುಗರು, ಜಯನಗರ

ಉತ್ತರ: ವಾರಂಟ್ ತೋರಿಸಿ ಎಂದು ಕೇಳಿ. ಕೇಳಿದರೆ ತೋರಿಸಬೇಕೆಂದು ಬಿಎನ್‌ಎಸ್‌ಎಸ್ ಕಲಂ 77 ಹೇಳುತ್ತದೆ. ತಂದೆಯ ಹೆಸರು, ವಯಸ್ಸು, ವಿಳಾಸ, ಕೇಸ್ ನಂಬರ್ ಬರೆದುಕೊಂಡು, ವ್ಯತ್ಯಾಸ ತೋರಿಸುವ ದಾಖಲೆ ಸಮೇತ ಠಾಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ಕೋರ್ಟಿನಲ್ಲಿ ವಕೀಲರ ಮೂಲಕ ಮೆಮೊ (ವಿಷಯ ತಿಳಿಸುವ ಚಿಕ್ಕ ಲಿಖಿತ ಟಿಪ್ಪಣಿ) ಹಾಕಿಸುವುದನ್ನು ಬಿಡಬೇಡಿ, ಇಲ್ಲದಿದ್ದರೆ ಠಾಣೆಗೆ ಹೊಸ ಸಿಬ್ಬಂದಿ ಬಂದಾಗ ಮತ್ತೆ ನಿಮ್ಮ ಬಾಗಿಲಿಗೇ ಬರುತ್ತಾರೆ.