ಸಿಗ್ನಲ್ ಇಲ್ಲದ ಸಿಮ್‌ಗೆ ಆರು ತಿಂಗಳ ಕರಾರು ಉಂಟೇ?

ಪ್ರಶ್ನೆ: ಜಮಖಂಡಿ ತಾಲ್ಲೂಕಿನಲ್ಲಿ ನಮ್ಮ ತೋಟದ ಮನೆ ಇದೆ. ಅಂಗಡಿಯವರ ಮಾತು ನಂಬಿ ಮನೆಯ ಮೂರೂ ನಂಬರ್‌ಗಳಿಗೆ ಒಂದೇ ಪೋಸ್ಟ್‌ಪೇಯ್ಡ್ ಯೋಜನೆ ಮಾಡಿಸಿ ನಾಲ್ಕು ತಿಂಗಳಾಯಿತು. ಒಳಗೆ ಕೂತರೆ ಕರೆ ನಿಲ್ಲುವುದಿಲ್ಲ, ಬ್ಯಾಂಕಿನ ಒಟಿಪಿಗಾಗಿ ಕಬ್ಬಿನ ಹೊಲದ ಬದುವಿಗೆ ಓಡಬೇಕು. ಬಿಡುತ್ತೇವೆ ಎಂದರೆ ‘ಆರು ತಿಂಗಳ ಕರಾರಿದೆ, ದಂಡ ಕಟ್ಟಿ’ ಎನ್ನುತ್ತಾರೆ. ಸಿಟ್ಟಿನಿಂದ ಎರಡು ಬಿಲ್ ಕಟ್ಟಿಲ್ಲ. ಮುಂದೇನು?
— ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಮೊದಲು ಆ ಬಿಲ್‌ಗಳನ್ನು ಕಟ್ಟಿಬಿಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಗಡುವು ಮೀರಿದ ಬಾಕಿ ಇರುವವರೆಗೆ ಬೇರೆ ಕಂಪನಿಗೆ ಹೋಗುವ ಪೋರ್ಟ್ ಕೋಡ್ ಸಿಗುವುದೇ ಇಲ್ಲ. ‘ಸೇವೆಯ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ’ ಎಂದು ಇಮೇಲ್ ಬರೆದು ಹಣ ಕಟ್ಟಿದರೆ, ಅದನ್ನೇ ಒಪ್ಪಿಗೆ ಎಂದು ನಾಳೆ ವಾದಿಸಲು ಬಾರದು.

ಇನ್ನು ಆರು ತಿಂಗಳ ಮಾತು. ದೂರಸಂಪರ್ಕ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಟ್ರಾಯ್‌ನ ದರ ನಿಯಮದಲ್ಲಿ ಆರು ತಿಂಗಳ ಅವಧಿಯೊಂದು ಇದೆ ನಿಜ, ಆದರೆ ಅದು ಕಂಪನಿಗೆ ಹಾಕಿದ ಮೂಗುದಾರ: ನೀವು ಯೋಜನೆ ಸೇರಿದ ಮೇಲೆ ಅಷ್ಟು ಕಾಲ ನಿಮಗೆ ನಷ್ಟವಾಗುವಂತೆ ದರ ಬದಲಿಸುವಂತಿಲ್ಲ. ಗ್ರಾಹಕ ಯಾವಾಗ ಬೇಕಾದರೂ ಯೋಜನೆ ಬದಲಿಸಬಹುದು. ಇದನ್ನು ತಿರುಗಿಸಿ ಗ್ರಾಹಕನನ್ನೇ ಹೆದರಿಸುವುದು ಹಳೆಯ ಚಾಳಿ. ಕಂಪನಿಯೇ ಬೇರೆ ಕರಾರು ಮಾಡಿಕೊಂಡಿದ್ದರೆ, ನೀವು ಸಹಿ ಹಾಕಿದ ಷರತ್ತಿನ ಪ್ರತಿ ಕೇಳಿ. ರಿಯಾಯಿತಿ ದರದಲ್ಲಿ ಮೊಬೈಲ್ ಸೆಟ್ ಪಡೆದಿದ್ದರೆ ಅಂಥ ಷರತ್ತು ಇರಬಹುದು. ಆಗ ಅದರಲ್ಲಿ ಬರೆದಷ್ಟನ್ನು ತೀರಿಸಿ ಹೊರಬರಬೇಕಾಗುತ್ತದೆ. ಬಾಯಿಮಾತಿನ ದಂಡ ಕಟ್ಟಬೇಡಿ.

ಪೋರ್ಟ್ ಮಾಡಲು ಆ ಜಾಲದಲ್ಲಿ 90 ದಿನ ಕಳೆದಿರಬೇಕು, ನಿಮಗೆ ಕಳೆದಿವೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಿ (ಅದಕ್ಕೂ ಬದುವಿಗೇ ಹೋಗಬೇಕೇನೋ). ಮೂರು ನಂಬರ್‌ಗೂ ಬೇರೆ ಬೇರೆ ಕೋಡ್ ಬರುತ್ತದೆ, ನಾಲ್ಕು ದಿನ ಮಾತ್ರ ಚಾಲ್ತಿ. ರಾಜ್ಯದೊಳಗಿನ ಬದಲಾವಣೆಗೆ ಮೂರು ಕೆಲಸದ ದಿನ. ನಿಮ್ಮಲ್ಲಿ ಯಾರದಾದರೂ ಗಡಿಯಾಚೆ ಮಹಾರಾಷ್ಟ್ರದ ಮಿರಜಿನಲ್ಲಿ ಕೊಂಡ ಸಿಮ್ ಆಗಿದ್ದರೆ ಐದು. ಹೊಸ ಕಂಪನಿ ಆರಿಸುವ ಮುನ್ನ ಜಾಹೀರಾತು ನೋಡಬೇಡಿ, ನೆರೆಯವರ ಸಿಮ್ ತಂದು ನಿಮ್ಮ ಅಡುಗೆಮನೆಯಲ್ಲಿ ನಿಂತು ಮಾತನಾಡಿ ನೋಡಿ.

ಪರಿಹಾರವೂ ಬೇಕೆಂದರೆ ದಾರಿ ಬೇರೆ. ಗ್ರಾಹಕ ಸೇವಾ ಕೇಂದ್ರಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಶುಲ್ಕವಿಲ್ಲ. ಟ್ರಾಯ್‌ಗೆ ಬರೆದು ಕಾಯಬೇಡಿ, ಒಬ್ಬೊಬ್ಬರ ದೂರನ್ನು ಅದು ವಿಚಾರಣೆ ಮಾಡುವುದಿಲ್ಲ. ಮೇಲ್ಮನವಿಯಲ್ಲೂ ಕೆಲಸ ಆಗದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಎರಡು ವರ್ಷದೊಳಗೆ ಹೂಡಬೇಕು, ವಕೀಲರು ಕಡ್ಡಾಯವಲ್ಲ, ನಿಮ್ಮಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ‘ಟೆಲಿಕಾಂ ವ್ಯಾಜ್ಯ ಇಲ್ಲಿಗೆ ಬರುವುದಿಲ್ಲ’ ಎಂದು ಕಂಪನಿಯ ವಕೀಲರು ಎದ್ದರೆ, ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ ಎಂದು ತಿಳಿಸಿ. ಆದರೆ ಜಿಲ್ಲಾ ಆಯೋಗದಲ್ಲಿ ಸೇವಾ ನ್ಯೂನತೆಯನ್ನಷ್ಟೇ ಎತ್ತಿ. ಕರಾರೇ ಅನ್ಯಾಯದ್ದು, ಅದನ್ನು ರದ್ದುಪಡಿಸಿ ಎಂದು ಕೇಳುವುದಾದರೆ ರಾಜ್ಯ ಆಯೋಗಕ್ಕೇ ಹೋಗಬೇಕು.